ಸುಡಾನ್ ಸಮರ: ಒಡೆದ ಮನೆ, ಹೊರಗಿನ ಕೈಗಳು

ಕಾಶಿಯ ಗೋದೌಲಿಯಾ ಚೌಕವನ್ನು ಒಮ್ಮೆ ಕಂಡವರು ಮರೆಯಲಾರರು. ದಶಾಶ್ವಮೇಧ ಘಾಟಿನತ್ತ ಹರಿಯುವ ಯಾತ್ರಿಕರ ಪ್ರವಾಹ, ಸೀರೆಯಂಗಡಿಗಳ ದಲಾಲರ ಕೂಗು, ಠಂಡಾಯಿ ಅಂಗಡಿಗಳ ಮುಂದಿನ ಗುಂಪು, ಇವೆಲ್ಲದರ ನಡುವೆ ದಾರಿ ಸಿಗದೆ ನಿಂತ ಸೈಕಲ್ ರಿಕ್ಷಾಗಳು. ನಮ್ಮ ಕಡೆಯಿಂದ ಬಂದವರು ಜಂಗಮವಾಡಿ ಮಠದ ದಾರಿಯನ್ನು ಕೇಳಿಕೊಂಡು ಇದೇ ಚೌಕವನ್ನು ದಾಟಿ ಹೋಗುತ್ತಾರೆ. ಅವರ ಬಾಯಲ್ಲಿ ಕನ್ನಡ ಕೇಳಿದಾಗ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತ ನಮಗೆ ಒಂದು ಕ್ಷಣ ಊರು ನೆನಪಾಗುವುದುಂಟು. ಇಂತಹ ಸ್ಥಳದಲ್ಲಿ ಆಫ್ರಿಕಾ ಖಂಡದ ಯುದ್ಧವೊಂದು ನಮ್ಮ ಮೇಜಿನವರೆಗೆ ಬಂದೀತೆಂದು ನಾವು ಎಣಿಸಿರಲಿಲ್ಲ.

2023ರ ಮೇ ತಿಂಗಳ ಒಂದು ಮಧ್ಯಾಹ್ನ ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಸುಡಾನ್ ದೇಶದ ವಿದ್ಯಾರ್ಥಿಯೊಬ್ಬ ನಮ್ಮ ಶಾಖೆಗೆ ಬಂದ. ತಂದೆ ಕಳಿಸಬೇಕಾದ ಹಣ ಬಂದಿದೆಯೇ ಎಂಬುದು ಅವನ ಪ್ರಶ್ನೆ. ಬಂದಿರಲಿಲ್ಲ. ಖಾರ್ಟೂಮಿನ ಆ ಬ್ಯಾಂಕು ಮುಚ್ಚಿದೆಯೋ ಸುಟ್ಟುಹೋಗಿದೆಯೋ ಅವನಿಗೂ ತಿಳಿಯದು, ನಮಗೂ ತಿಳಿಯದು. ಅವನ ಊರು ರಾಜಧಾನಿಯಿಂದ ದಕ್ಷಿಣಕ್ಕಿರುವ ವಾದ್ ಮದನಿ. ಅಲ್ಲಿಯವರೆಗೆ ಯುದ್ಧ ಇನ್ನೂ ತಲುಪಿರಲಿಲ್ಲ. "ನಮ್ಮೂರು ಶಾಂತವಾಗಿದೆ ಸಾರ್, ಒಂದೆರಡು ತಿಂಗಳಲ್ಲಿ ಎಲ್ಲ ಸರಿಹೋಗುತ್ತದೆ" ಎಂದು ಅವನೇ ನಮಗೆ ಸಮಾಧಾನ ಹೇಳಿ ಹೋದ. ಅಂದಿನಿಂದ ನಾವು ಆ ದೇಶದ ಸುದ್ದಿಯನ್ನು ಬಿಡದೆ ಓದುತ್ತ ಬಂದಿದ್ದೇವೆ. ಓದಿದ್ದರಲ್ಲಿ ಕೆಲವನ್ನು ನಮ್ಮ ಸಂಘದ ಬಂಧುಗಳೊಡನೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ಕರ್ನಾಟಕದ ಮಟ್ಟಿಗೆ ಸುಡಾನಿನ ಹೆಸರು ಮನೆಮಾತಾದದ್ದು ಅದಕ್ಕೆ ಒಂದು ತಿಂಗಳ ಮುನ್ನ. ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಜನಾಂಗದವರು ಗಿಡಮೂಲಿಕೆಯ ತೈಲ, ಔಷಧಿಗಳನ್ನು ಮಾರಲು ಆಫ್ರಿಕಾದ ದೇಶಗಳಿಗೆ ಹೋಗಿಬರುವುದು ಬಹುಕಾಲದ ರೂಢಿ. 2023ರ ಏಪ್ರಿಲ್ 15ರಂದು ಯುದ್ಧ ಭುಗಿಲೆದ್ದಾಗ ಅವರಲ್ಲಿ 31 ಮಂದಿ ಡಾರ್ಫರ್ ಪ್ರಾಂತದ ಎಲ್ ಫಾಶರ್ ಪಟ್ಟಣದಲ್ಲಿ ಸಿಕ್ಕಿಕೊಂಡಿದ್ದರು. ಬಾಡಿಗೆ ಕೋಣೆಗಳಲ್ಲಿ ಅನ್ನ ನೀರಿಲ್ಲದೆ ಕುಳಿತು ಅವರು ಮೊಬೈಲಿನಲ್ಲಿ ಕಳಿಸಿದ ಮೊರೆ ಊರಿಗೆ ಮುಟ್ಟಿತು. ರಾಜ್ಯದಲ್ಲಿ ಆಗ ವಿಧಾನಸಭಾ ಚುನಾವಣೆಯ ಕಾವು. ಅಂದು ಪ್ರತಿಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರು ಕೇಂದ್ರದ ನೆರವನ್ನು ಕೋರಿದರು. ಇದರಲ್ಲಿ ರಾಜಕೀಯ ಬೆರೆಸಬೇಡಿ ಎಂದು ವಿದೇಶಾಂಗ ಸಚಿವ ಜೈಶಂಕರ್ ಅವರು ಖಾರವಾಗಿ ಉತ್ತರಿಸಿದರು. ಆ ವಾಗ್ವಾದದ ಫಲವೋ, ಅಲ್ಲವೋ, ಪಕ್ಷಿರಾಜಪುರದ ಹೆಸರು ದೆಹಲಿಯ ಪತ್ರಿಕೆಗಳಲ್ಲೂ ಬಂತು.

ಏಪ್ರಿಲ್ 24ರಂದು ಪ್ರಕಟವಾದ ರಕ್ಷಣಾ ಕಾರ್ಯಾಚರಣೆಗೆ ಇಟ್ಟ ಹೆಸರು ಕಾವೇರಿ. ನೌಕಾಪಡೆಯ ಸುಮೇಧಾ, ತೇಗ್, ತರ್ಕಶ್ ಹಡಗುಗಳು ಪೋರ್ಟ್ ಸುಡಾನಿನಿಂದ ಕೆಂಪು ಸಮುದ್ರವನ್ನು ದಾಟಿ ಜನರನ್ನು ಜೆಡ್ಡಾಕ್ಕೆ ಮುಟ್ಟಿಸಿದವು. ವಾದಿ ಸಯ್ಯಿದ್ನಾ ಎಂಬಲ್ಲಿ ದೀಪವಿಲ್ಲದ, ಹಾಳುಬಿದ್ದ ಓಡುದಾರಿಯ ಮೇಲೆ ನಮ್ಮ ವಾಯುಪಡೆಯ ವಿಮಾನ ರಾತ್ರಿಯಲ್ಲಿ ಇಳಿದು 121 ಮಂದಿಯನ್ನು ಹೊತ್ತು ತಂದದ್ದಂತೂ ಯಾರೂ ಮೆಚ್ಚಬೇಕಾದ ಸಾಹಸ. ಮೇ 5ಕ್ಕೆ ಕಾರ್ಯಾಚರಣೆ ಮುಗಿದಾಗ 3,862 ಮಂದಿ ಪಾರಾಗಿದ್ದರು. ನೂರೈವತ್ತು ವರ್ಷಗಳ ಹಿಂದೆ ಸೌರಾಷ್ಟ್ರದಿಂದ ಹೋಗಿ ಅಲ್ಲೇ ನೆಲೆಯೂರಿದ್ದ ಗುಜರಾತಿ ವರ್ತಕ ಕುಟುಂಬಗಳೂ ಅವರಲ್ಲಿದ್ದವು. ಹಕ್ಕಿಪಿಕ್ಕಿಗಳು ಸಾವಿರದೈನೂರು ಕಿಲೋಮೀಟರಿಗೂ ಮಿಗಿಲಾದ ದಾರಿಯನ್ನು ಕ್ರಮಿಸಿ ಕಡಲತೀರ ಮುಟ್ಟಿದವರು.

ನಮ್ಮವರು ಬಂದರು, ಸುದ್ದಿಯೂ ಮುಗಿಯಿತು. ಅವರು ಬಿಟ್ಟುಬಂದ ಎಲ್ ಫಾಶರ್ ಏನಾಯಿತು ಎಂದು ಕೇಳಿದವರು ವಿರಳ. ನಾವೂ ಆ ಮರೆವಿನಲ್ಲಿ ಪಾಲುದಾರರು. ಆ ಹುಡುಗ ಶಾಖೆಗೆ ಬರದಿದ್ದರೆ ಈ ಸಾಲುಗಳನ್ನು ಬರೆಯುತ್ತಿರಲಿಲ್ಲ.

ಸುಡಾನ್ ಒಡೆದ ಮನೆಯೆಂಬುದು ಇಂದಿನ ಮಾತಲ್ಲ. 1899ರಿಂದ ಬ್ರಿಟನ್ ಮತ್ತು ಈಜಿಪ್ಟಿನ ಜಂಟಿ ಆಡಳಿತಕ್ಕೆ ಸೇರಿದ್ದ ಈ ವಿಶಾಲ ನಾಡಿನಲ್ಲಿ ಅರಬ್ಬೀ ಮಾತಾಡುವ ಮುಸ್ಲಿಂ ಉತ್ತರವನ್ನೂ, ಹಲವು ಬುಡಕಟ್ಟುಗಳ, ಕ್ರೈಸ್ತ ಮತ್ತು ದೇಶೀಯ ನಂಬಿಕೆಗಳ ದಕ್ಷಿಣವನ್ನೂ ಆಂಗ್ಲ ಅಧಿಕಾರಿಗಳು ಬೇರೆ ಬೇರೆಯಾಗಿಯೇ ಆಳಿದರು. 1956ರ ಜನವರಿ 1ರಂದು ಸ್ವಾತಂತ್ರ್ಯ ಬರುವ ಮೊದಲೇ ದಕ್ಷಿಣದಲ್ಲಿ ದಂಗೆ ಶುರುವಾಗಿತ್ತು. 1972ರ ಒಪ್ಪಂದದಿಂದ ಸಿಕ್ಕ ಹತ್ತು ವರ್ಷಗಳ ಬಿಡುವನ್ನು ಬಿಟ್ಟರೆ 2005ರವರೆಗೂ ಅದು ನಿಲ್ಲಲಿಲ್ಲ. 1983ರ ನಂತರದ ಯುದ್ಧವೊಂದರಲ್ಲೇ ಇಪ್ಪತ್ತು ಲಕ್ಷ ಜನ ಅಸುನೀಗಿದರೆಂಬ ಅಂದಾಜಿದೆ. 2011ರ ಜನವರಿಯ ಜನಮತಗಣನೆಯಲ್ಲಿ ದಕ್ಷಿಣದವರು ನೂರಕ್ಕೆ ತೊಂಬತ್ತೆಂಟಕ್ಕೂ ಮೀರಿದ ಮತದಿಂದ ಬೇರ್ಪಡಲು ತೀರ್ಮಾನಿಸಿದರು. ಅದೇ ವರ್ಷದ ಜುಲೈ 9ರಂದು ದಕ್ಷಿಣ ಸುಡಾನ್ ಹುಟ್ಟಿತು. ತೈಲದ ಮುಕ್ಕಾಲು ಪಾಲು ದಕ್ಷಿಣಕ್ಕೆ ಹೋಯಿತು, ಆ ತೈಲ ಕಡಲಿಗೆ ಹೋಗುವ ಕೊಳವೆ ಉತ್ತರದಲ್ಲೇ ಉಳಿಯಿತು. ಅಣ್ಣನಿಗೆ ಬಾವಿ, ತಮ್ಮನಿಗೆ ಹಗ್ಗ ಎಂದು ಪಾಲು ಮಾಡಿದಂತೆ.

ನಮ್ಮ ದೇಶಕ್ಕೂ ಆ ನಾಡಿಗೂ ಇದ್ದ ನಂಟನ್ನು ಇಲ್ಲಿ ನೆನೆಯಬೇಕು. 1953ರಲ್ಲಿ ಸುಡಾನಿನ ಮೊದಲ ಸಾರ್ವತ್ರಿಕ ಚುನಾವಣೆಯನ್ನು ನಡೆಸಿಕೊಟ್ಟವರು ಭಾರತದ ಪ್ರಥಮ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ್ ಸೇನ್. 1955ರ ಬಾಂಡುಂಗ್ ಸಮ್ಮೇಳನಕ್ಕೆ ಬಂದ ಸುಡಾನಿನ ನಿಯೋಗಕ್ಕೆ ಸ್ವಂತ ಬಾವುಟವಿರಲಿಲ್ಲ. ನೆಹರೂ ತಮ್ಮ ಕರವಸ್ತ್ರದ ಮೇಲೆ ಆ ದೇಶದ ಹೆಸರನ್ನು ಬರೆದು ಅದಕ್ಕೊಂದು ಸ್ಥಾನ ಕಲ್ಪಿಸಿದರೆಂಬುದು ಪ್ರಸಿದ್ಧ ಪ್ರಸಂಗ. ಎರಡನೆಯ ಮಹಾಯುದ್ಧದಲ್ಲಿ ಆ ನೆಲದಲ್ಲಿ ಹೋರಾಡಿದ ಭಾರತೀಯ ಯೋಧರ ಸ್ಮರಣೆಗೆ ಸುಡಾನ್ ಕೊಟ್ಟ ದೇಣಿಗೆಯಿಂದ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಮುಖ್ಯ ಕಟ್ಟಡ ಎದ್ದು ನಿಂತಿದೆ. ಇಂದಿಗೂ ಅದರ ಹೆಸರು ಸುಡಾನ್ ಬ್ಲಾಕ್.

ಈಗಿನ ಯುದ್ಧದ ಬೇರು ಡಾರ್ಫರಿನಲ್ಲಿದೆ. 2003ರಲ್ಲಿ ಅಲ್ಲಿ ಬಂಡಾಯವೆದ್ದಾಗ ಅಧ್ಯಕ್ಷ ಒಮರ್ ಅಲ್ ಬಶೀರ್ ಅದನ್ನು ಅಡಗಿಸಲು ಅರಬ್ ಬುಡಕಟ್ಟುಗಳ ಸವಾರರಿಗೆ ಬಂದೂಕು ಕೊಟ್ಟರು. ಜಂಜಾವೀದ್ ಎಂದು ಕುಖ್ಯಾತರಾದ ಈ ಸವಾರರು ಮಸಾಲಿತ್, ಫುರ್, ಜಘಾವಾ ಜನರ ಹಳ್ಳಿಗಳನ್ನು ಸುಟ್ಟರು. ಮೂರು ಲಕ್ಷ ಜನ ಸತ್ತರೆಂದು ವಿಶ್ವಸಂಸ್ಥೆ ಲೆಕ್ಕ ಹಾಕಿತು. 2013ರಲ್ಲಿ ಇದೇ ಗುಂಪುಗಳಿಗೆ ಸಮವಸ್ತ್ರ ತೊಡಿಸಿ ಕ್ಷಿಪ್ರ ಬೆಂಬಲ ಪಡೆ ಎಂದು ಹೆಸರಿಡಲಾಯಿತು. ಅದರ ನಾಯಕ ಮೊಹಮ್ಮದ್ ಹಮ್ದಾನ್ ದಗಾಲೊ. ಜನರ ಬಾಯಲ್ಲಿ ಹೆಮೆದ್ತಿ. ಒಂಟೆ ವ್ಯಾಪಾರದಿಂದ ಬಂದ ಈತ ಡಾರ್ಫರಿನ ಜೆಬೆಲ್ ಆಮೆರ್ ಚಿನ್ನದ ಗಣಿಗಳನ್ನು ಹಿಡಿದ. ಯೆಮನ್ ಯುದ್ಧಕ್ಕೆ ಸೌದಿ ಮತ್ತು ಎಮಿರೇಟ್ಸ್ ಪರವಾಗಿ ಸೈನಿಕರನ್ನು ಕಳಿಸಿ ಹಣ ಗಳಿಸಿದ. ತನ್ನ ಸಿಂಹಾಸನಕ್ಕೆ ಸೇನೆಯಿಂದ ಅಪಾಯವಿದೆಯೆಂದು ಬಶೀರ್ ಈ ಪಡೆಯನ್ನು ಸಾಕಿದರು. 2019ರ ಏಪ್ರಿಲಿನಲ್ಲಿ ಬೀದಿಗಿಳಿದ ಜನರ ಒತ್ತಡಕ್ಕೆ ಬಶೀರ್ ಉರುಳುವಾಗ ಹೆಮೆದ್ತಿ ಬೆರಳೆತ್ತಿ ಸಹ ತಡೆಯಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ.

ಆ ಬಳಿಕ ನಾಗರಿಕರೂ ಸೈನಿಕರೂ ಕೂಡಿ ಆಳುವ ಏರ್ಪಾಡಾಯಿತು. ಅದನ್ನು 2021ರ ಅಕ್ಟೋಬರ್ 25ರಂದು ಮುರಿದವರು ಸೇನಾ ಮುಖ್ಯಸ್ಥ ಅಬ್ದುಲ್ ಫತಾಹ್ ಅಲ್ ಬುರ್ಹಾನ್ ಮತ್ತು ಇದೇ ಹೆಮೆದ್ತಿ, ಒಬ್ಬರಿಗೊಬ್ಬರು ಹೆಗಲು ಕೊಟ್ಟು. ಇದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಒಬ್ಬರನ್ನು ರಾಷ್ಟ್ರರಕ್ಷಕರೆಂದೂ ಇನ್ನೊಬ್ಬರನ್ನು ಪ್ರಜಾಪ್ರಭುತ್ವದ ಹೋರಾಟಗಾರರೆಂದೂ ಅವರವರ ಬೆಂಬಲಿಗರು ಈಗ ಹಾಡಿಹೊಗಳುತ್ತಾರೆ. ಅವರಿಬ್ಬರ ನಡುವೆ ಬಿರುಕು ಬಂದದ್ದು ಲೆಕ್ಕಾಚಾರದ ಮೇಲೆ. ಕ್ಷಿಪ್ರ ಪಡೆ ಎರಡು ವರ್ಷಗಳಲ್ಲಿ ಸೇನೆಯಲ್ಲಿ ಲೀನವಾಗಬೇಕೆಂದು ಬುರ್ಹಾನ್, ಹತ್ತು ವರ್ಷ ಬೇಕೆಂದು ಹೆಮೆದ್ತಿ. ಆ ಎಂಟು ವರ್ಷಗಳ ಅಂತರವನ್ನು ತುಂಬಿಸಲು ಐದು ಕೋಟಿ ಜನರ ದೇಶವೊಂದು ಬಲಿಯಾಯಿತು.

ಯುದ್ಧದ ಗತಿಯನ್ನು ದಿನವಹಿಯಾಗಿ ಬರೆಯುವ ಅಗತ್ಯವಿಲ್ಲ; ಮುಖ್ಯ ತಿರುವುಗಳು ಸಾಕು. ಆರಂಭದಲ್ಲಿ ನೀಲಿ ನೈಲ್ ಮತ್ತು ಬಿಳಿ ನೈಲ್ ನದಿಗಳು ಕೂಡುವ ಖಾರ್ಟೂಮ್ ನಗರದ ಬಹುಭಾಗ ಕ್ಷಿಪ್ರ ಪಡೆಯ ವಶವಾಯಿತು. ಸರ್ಕಾರ ಗಂಟುಮೂಟೆ ಕಟ್ಟಿಕೊಂಡು ಪೋರ್ಟ್ ಸುಡಾನಿಗೆ ಓಡಿತು. ಮೊದಲ ಹದಿನಾಲ್ಕು ತಿಂಗಳಲ್ಲಿ ಖಾರ್ಟೂಮ್ ಪ್ರಾಂತವೊಂದರಲ್ಲೇ 61,000 ಜನ ಸತ್ತರೆಂದು ಲಂಡನ್ನಿನ ಸಂಶೋಧಕರು ಅಂದಾಜು ಮಾಡಿದ್ದಾರೆ; ಗುಂಡಿಗೆ ಬಲಿಯಾದವರಿಗಿಂತ ರೋಗ ಮತ್ತು ಹಸಿವಿಗೆ ತುತ್ತಾದವರೇ ಅದರಲ್ಲಿ ಹೆಚ್ಚು. 2023ರ ಜೂನಿನಲ್ಲಿ ಪಶ್ಚಿಮ ಡಾರ್ಫರಿನ ಎಲ್ ಜೆನೀನಾದಲ್ಲಿ ಮಸಾಲಿತ್ ಜನರ ಹತ್ಯಾಕಾಂಡವಾಯಿತು. ವಿಶ್ವಸಂಸ್ಥೆಯ ತಜ್ಞರ ಸಮಿತಿಗೆ ತಿಳಿದುಬಂದಂತೆ ಅಲ್ಲಿ ಹತರಾದವರ ಸಂಖ್ಯೆ ಹತ್ತರಿಂದ ಹದಿನೈದು ಸಾವಿರ.

2023ರ ಡಿಸೆಂಬರಿನಲ್ಲಿ ಕ್ಷಿಪ್ರ ಪಡೆ ವಾದ್ ಮದನಿಗೆ ನುಗ್ಗಿತು. ಅದು ಗೆಜಿರಾ ಬಯಲಿನ ಮುಖ್ಯ ಪಟ್ಟಣ. 1925ರಲ್ಲಿ ಸೆನ್ನಾರ್ ಅಣೆಕಟ್ಟು ಮುಗಿದ ಮೇಲೆ ನಾಲೆಗಳಿಂದ ಹಸಿರಾದ ಆ ಬಯಲು, ಮಂಡ್ಯದ ಜನಕ್ಕೆ ವಿಶ್ವೇಶ್ವರಯ್ಯ ನಾಲೆ ಇರುವಂತೆ, ದೇಶಕ್ಕೆ ಅನ್ನದ ಪಾತ್ರೆ. ಅಲ್ಲಿ ಬಿತ್ತನೆ ಬೀಜ, ಟ್ರಾಕ್ಟರು, ಉಗ್ರಾಣದ ಧಾನ್ಯ ಎಲ್ಲವೂ ಲೂಟಿಯಾದವು. ಖಾರ್ಟೂಮಿನಿಂದ ಓಡಿಬಂದು ಅಲ್ಲಿ ಆಶ್ರಯ ಪಡೆದಿದ್ದ ಲಕ್ಷಾಂತರ ಜನ ಮತ್ತೊಮ್ಮೆ ಗಂಟು ಕಟ್ಟಿದರು. ನಮ್ಮ ವಿದ್ಯಾರ್ಥಿಯ ತಂದೆತಾಯಿಯರೂ ಅವರಲ್ಲಿ ಸೇರಿದ್ದರು. ಆ ಚಳಿಗಾಲದಲ್ಲಿ ಶಾಖೆಗೆ ಬಂದಾಗ ಅವನು ಶಾಂತಿಯ ಮಾತನ್ನು ಎತ್ತಲಿಲ್ಲ.

2025ರಲ್ಲಿ ತಕ್ಕಡಿ ಸೇನೆಯ ಕಡೆಗೆ ವಾಲಿತು. ಜನವರಿಯಲ್ಲಿ ವಾದ್ ಮದನಿ, ಮಾರ್ಚ್ 21ರಂದು ಖಾರ್ಟೂಮಿನ ಗಣರಾಜ್ಯ ಅರಮನೆ, ಕೆಲವೇ ದಿನಗಳಲ್ಲಿ ವಿಮಾನ ನಿಲ್ದಾಣ ಮರಳಿ ಅದರ ಕೈಸೇರಿದವು. ಯುದ್ಧ ಮುಗಿಯುವ ಹಂತಕ್ಕೆ ಬಂತೆಂದು ಹಲವರು ಬರೆದರು. ನಾವೂ ಹಾಗೆಯೇ ನಂಬಿದ್ದೆವು. ಅದು ಮುಗಿಯಲಿಲ್ಲ, ಪಶ್ಚಿಮಕ್ಕೆ ಸರಿಯಿತು. ರಾಜಧಾನಿಯನ್ನು ಕಳೆದುಕೊಂಡ ಕ್ಷಿಪ್ರ ಪಡೆ ತನ್ನ ಬಲವನ್ನೆಲ್ಲ ಡಾರ್ಫರಿನಲ್ಲಿ ಸೇನೆಗೆ ಉಳಿದಿದ್ದ ಕೊನೆಯ ದೊಡ್ಡ ಪಟ್ಟಣದ ಮೇಲೆ ಸುರಿಯಿತು. ಆ ಪಟ್ಟಣ ಎಲ್ ಫಾಶರ್.

ನಮ್ಮ ಹಕ್ಕಿಪಿಕ್ಕಿಗಳು ತೈಲ ಮಾರಿದ ಬೀದಿಗಳು ಹದಿನೆಂಟು ತಿಂಗಳು ಮುತ್ತಿಗೆಯಲ್ಲಿದ್ದವು. ಸುತ್ತಲೂ ಮಣ್ಣಿನ ದಿಬ್ಬ ಎಬ್ಬಿಸಿ ಊರನ್ನು ಪೆಟ್ಟಿಗೆಯಂತೆ ಮುಚ್ಚಲಾಯಿತು. ಹತ್ತಿರದ ಜಮ್‌ಜಮ್ ನಿರಾಶ್ರಿತರ ಶಿಬಿರದಲ್ಲಿ 2024ರ ಆಗಸ್ಟಿನಲ್ಲೇ ಕ್ಷಾಮ ಘೋಷಣೆಯಾಗಿತ್ತು. ಪಟ್ಟಣದೊಳಗೆ ಜನ ಶೇಂಗಾ ಹಿಂಡಿಯನ್ನು ನೆನೆಸಿ ತಿಂದರು. ನಮ್ಮ ಹಳ್ಳಿಯ ಮನೆಗಳಲ್ಲಿ ಕರೆಯುವ ಎಮ್ಮೆಗೆ ಇಡುವ ಅದೇ ಹಿಂಡಿ. ಕೊನೆಕೊನೆಗೆ ಅದೂ ಸಿಗದಾಯಿತು. 2025ರ ಅಕ್ಟೋಬರ್ 26ರಂದು ಸೇನೆಯ ನೆಲೆ ಬಿತ್ತು. ಆಗ ಊರಿನಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಉಳಿದಿದ್ದರೆಂದು ವಿಶ್ವಸಂಸ್ಥೆ ಹೇಳಿತ್ತು. ಹೆರಿಗೆ ಆಸ್ಪತ್ರೆಯೊಂದರಲ್ಲಿ ರೋಗಿಗಳೂ ಅವರ ಜೊತೆಗಿದ್ದವರೂ ಸೇರಿ 460ಕ್ಕೂ ಹೆಚ್ಚು ಮಂದಿಯನ್ನು ಕೊಂದ ವರದಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿತು. ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಉಪಗ್ರಹದ ಚಿತ್ರಗಳಲ್ಲಿ ಶವಗಳ ರಾಶಿಯನ್ನೂ ನೆಲದ ಮೇಲಿನ ಕೆಂಪು ಕಲೆಗಳನ್ನೂ ಗುರುತಿಸಿದರು. ಕೊಲ್ಲುತ್ತಿದ್ದವರೇ ಮೊಬೈಲಿನಲ್ಲಿ ಚಿತ್ರ ತೆಗೆದು ಹರಿಯಬಿಟ್ಟರು. ಎಳೆಯ ಮಕ್ಕಳಿರುವ ಮನೆಗಳಲ್ಲಿ ಓದುವ ಬರಹದಲ್ಲಿ ಇದಕ್ಕಿಂತ ಹೆಚ್ಚು ಬರೆಯಲು ನಮ್ಮ ಲೇಖನಿ ಒಪ್ಪುವುದಿಲ್ಲ.

ಸೇನೆಯ ಕೈಯೂ ಶುದ್ಧವಲ್ಲ. 2024ರ ಡಿಸೆಂಬರಿನಲ್ಲಿ ಉತ್ತರ ಡಾರ್ಫರಿನ ಕಬ್ಕಾಬಿಯಾದ ಸಂತೆಯ ಮೇಲೆ ನಡೆದ ಬಾಂಬ್ ದಾಳಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರೆಂದು ಮಾನವ ಹಕ್ಕುಗಳ ಸಂಘಟನೆಗಳು ದಾಖಲಿಸಿವೆ. ವಿಮಾನ ಇದ್ದದ್ದು ಸೇನೆಯ ಬಳಿ. 2025ರ ಜನವರಿಯಲ್ಲಿ ಅಮೆರಿಕ ಒಂದೇ ತಿಂಗಳಲ್ಲಿ ಇಬ್ಬರು ಸೇನಾನಿಗಳ ಮೇಲೂ ನಿರ್ಬಂಧ ಹೇರಿತು. ಕ್ಷಿಪ್ರ ಪಡೆಯದು ನರಮೇಧವೆಂದು ಅದೇ ವೇಳೆ ಸಾರಿತು.

ಇನ್ನು ಹೊರಗಿನ ಕೈಗಳ ವಿಚಾರ. ಬಂದೂಕನ್ನೇನೋ ಸುಡಾನೇ ತಯಾರಿಸೀತು, ದೂರಗಾಮಿ ಡ್ರೋನ್‌ಗಳನ್ನು ತಯಾರಿಸಲಾರದು. ಸೇನೆಯ ಬೆನ್ನಿಗೆ ಈಜಿಪ್ಟ್ ಮೊದಲಿನಿಂದಲೂ ನಿಂತಿದೆ. ನೈಲ್ ನದಿಯ ಕೆಳದಂಡೆಯವರಿಗೆ ಮೇಲ್ದಂಡೆಯಲ್ಲಿ ಯಾರು ಆಳುತ್ತಾರೆಂಬುದು ಪ್ರಾಣದ ಪ್ರಶ್ನೆಯೆಂಬುದನ್ನು ಕಾವೇರಿಯ ಜಗಳ ಕಂಡ ನಮಗೆ ಬಿಡಿಸಿ ಹೇಳಬೇಕಿಲ್ಲ. ಇರಾನಿನ ಮತ್ತು ಟರ್ಕಿಯ ಡ್ರೋನ್‌ಗಳು ಸೇನೆಯ ಪರವಾಗಿ ಹಾರಿವೆ. ರಷ್ಯಾದ ವ್ಯಾಗ್ನರ್ ಗುಂಪು ಚಿನ್ನದ ಆಸೆಗೆ ಹೆಮೆದ್ತಿಯ ಕಡೆಗಿತ್ತು. ಆಮೇಲೆ ಕೆಂಪು ಸಮುದ್ರದಲ್ಲೊಂದು ನೌಕಾನೆಲೆಯ ಆಸೆಗೆ ಮಾಸ್ಕೋ ಸೇನೆಯತ್ತ ವಾಲಿತು. ಕ್ಷಿಪ್ರ ಪಡೆಗೆ ಚಾಡ್ ದೇಶದ ಅಮ್‌ಜರಾಸ್ ವಿಮಾನ ನಿಲ್ದಾಣದ ಮೂಲಕ ಅರಬ್ ಎಮಿರೇಟ್ಸಿನಿಂದ ಶಸ್ತ್ರಾಸ್ತ್ರ ಹೋಗುತ್ತಿದೆಯೆಂಬ ಆರೋಪ ನಂಬಲರ್ಹವೆಂದು ವಿಶ್ವಸಂಸ್ಥೆಯ ತಜ್ಞರು 2024ರ ಆರಂಭದಲ್ಲೇ ಬರೆದರು. ಎಮಿರೇಟ್ಸ್ ಇದನ್ನು ಖಡಾಖಂಡಿತವಾಗಿ ನಿರಾಕರಿಸುತ್ತ ಬಂದಿದೆ. ದಕ್ಷಿಣ ಅಮೆರಿಕದ ಕೊಲಂಬಿಯಾದಿಂದ ಬಂದ ಬಾಡಿಗೆ ಸೈನಿಕರು ಡಾರ್ಫರಿನ ಮರಳಿನಲ್ಲಿ ಕಾದಿದ್ದಂತೂ ಕೊಲಂಬಿಯಾ ಸರ್ಕಾರವೇ ತಲೆತಗ್ಗಿಸಿದ ಸಂಗತಿ. ಸುಡಾನ್ ಸರ್ಕಾರ ಎಮಿರೇಟ್ಸ್ ವಿರುದ್ಧ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ತನಗೆ ಅಧಿಕಾರವ್ಯಾಪ್ತಿ ಇಲ್ಲವೆಂದು ನ್ಯಾಯಾಲಯ 2025ರ ಮೇ 5ರಂದು ದೂರನ್ನು ತಳ್ಳಿಹಾಕಿತು. ಆರೋಪ ನಿಜವೇ ಸುಳ್ಳೇ ಎಂಬುದನ್ನು ಅದು ನೋಡಲಿಲ್ಲ.

ಬಿ.ಎ. ತರಗತಿಯಲ್ಲಿ ಇತಿಹಾಸ ಓದಿದ ನಮಗೆ ಇದನ್ನೆಲ್ಲ ನೋಡುವಾಗ ಹದಿನೆಂಟನೆಯ ಶತಮಾನದ ತಿರುಚಿರಾಪಳ್ಳಿ ಕಣ್ಮುಂದೆ ಬರುತ್ತದೆ. ಆರ್ಕಾಟಿನ ನವಾಬಗಿರಿಗೆ ಚಂದಾ ಸಾಹೇಬ ಮತ್ತು ಮುಹಮ್ಮದ್ ಅಲಿ ಬಡಿದಾಡುತ್ತಿದ್ದರು. ಒಬ್ಬನ ಹಿಂದೆ ಫ್ರೆಂಚರ ಡೂಪ್ಲೆ, ಇನ್ನೊಬ್ಬನ ಹಿಂದೆ ಇಂಗ್ಲಿಷರು. ತಿರುಚಿರಾಪಳ್ಳಿಯನ್ನೇ ಕೊಡುವೆನೆಂಬ ಮುಹಮ್ಮದ್ ಅಲಿಯ ಮಾತನ್ನು ನಂಬಿ ಮೈಸೂರಿನ ದಳವಾಯಿ ನಂಜರಾಜಯ್ಯ ದಂಡು ಕಟ್ಟಿಕೊಂಡು ಹೋದರು. 1752ರಲ್ಲಿ ಚಂದಾ ಸಾಹೇಬ ಹತನಾದ ಮೇಲೆ ಆ ಮಾತು ಗಾಳಿಗೆ ಹೋಯಿತು. ಮೂರು ವರ್ಷ ಕಾದು, ಬೊಕ್ಕಸ ಬರಿದು ಮಾಡಿಕೊಂಡು ದಳವಾಯಿ ಬರಿಗೈಯಲ್ಲಿ ಮರಳಿದರು. ಸಂಬಳವಿಲ್ಲದೆ ದಂಗೆಯೆದ್ದ ಸೈನಿಕರನ್ನು ಸಂಭಾಳಿಸಬಲ್ಲ ಒಬ್ಬ ಸೇನಾನಿ ಆ ಗೊಂದಲದಲ್ಲಿ ಮೇಲೆ ಬಂದ. 1761ರ ಹೊತ್ತಿಗೆ ರಾಜ್ಯದ ಸೂತ್ರ ಹೈದರ್ ಅಲಿಯ ಕೈಯಲ್ಲಿತ್ತು. ಹೈದರನನ್ನೂ ಹೆಮೆದ್ತಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಅವಿವೇಕ ನಮಗಿಲ್ಲ. ಆದರೆ ಪರರ ಜಗಳಕ್ಕೆ ದಂಡು ಕಳಿಸಿದ ಮನೆಗೆ ಆ ದಂಡೇ ಯಜಮಾನನಾಗಿ ಮರಳುವ ದಾರಿಯನ್ನು ಮೈಸೂರು ಕಂಡಿತ್ತು. ಯೆಮನ್ನಿಗೆ ಪಡೆ ಕಳಿಸಿದ ಖಾರ್ಟೂಮ್ ಕೂಡ ಕಂಡಿತು.

ಬ್ಯಾಂಕಿನವರಾದ ನಮ್ಮ ಗಮನ ಸಹಜವಾಗಿ ಹಣದತ್ತ ಹೋಗುತ್ತದೆ. ಯುದ್ಧದ ಮೊದಲ ವಾರಗಳಲ್ಲೇ ಖಾರ್ಟೂಮಿನ ಬ್ಯಾಂಕುಗಳ ತಿಜೋರಿಗಳು ಒಡೆದವು. ದೇಶದಲ್ಲಿ ನಗದು ಮಾಯವಾದಾಗ ಖಾರ್ಟೂಮ್ ಬ್ಯಾಂಕಿನ ಬಂಕಕ್ ಎಂಬ ಮೊಬೈಲ್ ಸೇವೆಯೊಂದೇ ಜನರ ಜೀವನಾಡಿಯಾಯಿತು. ಹೊರದೇಶದ ಮಕ್ಕಳು ಅದರಲ್ಲಿ ಹಣ ಹಾಕುತ್ತಾರೆ; ಊರಿನ ಅಂಗಡಿಕಾರ ಭಾರಿ ದಲ್ಲಾಳಿ ಹಿಡಿದುಕೊಂಡು ನೋಟು ಕೊಡುತ್ತಾನೆ. ಓಣಿ ಓಣಿಗಳಲ್ಲಿ ಯುವಕರೇ ಕಟ್ಟಿದ ತುರ್ತು ನೆರವಿನ ಕೇಂದ್ರಗಳು ದಾಸೋಹ ನಡೆಸಿದ್ದು ಹೀಗೆ ಬಂದ ಹಣದಿಂದಲೇ. ಆ ಕೇಂದ್ರಗಳಿಗೆ 2025ರ ರೈಟ್ ಲೈವ್ಲಿಹುಡ್ ಪ್ರಶಸ್ತಿ ಸಂದದ್ದು ಈ ಯುದ್ಧದಲ್ಲಿ ನಾವು ಓದಿದ ಅತಿ ಕಡಿಮೆ ಒಳ್ಳೆಯ ಸುದ್ದಿಗಳಲ್ಲೊಂದು.

2024ರ ನವೆಂಬರಿನಲ್ಲಿ ಪೋರ್ಟ್ ಸುಡಾನಿನಲ್ಲಿದ್ದ ಕೇಂದ್ರ ಬ್ಯಾಂಕು ಹಳೆಯ ಐನೂರು ಮತ್ತು ಸಾವಿರ ಪೌಂಡಿನ ನೋಟುಗಳನ್ನು ರದ್ದು ಮಾಡಿ ಹೊಸದನ್ನು ತರುವುದಾಗಿ ಸಾರಿತು. ಲೂಟಿಯಾದ ಹಣಕ್ಕೆ ಬೆಲೆ ಇಲ್ಲದಂತೆ ಮಾಡುವುದು ಉದ್ದೇಶ. ನೋಟು ರದ್ದತಿಯೆಂದರೆ ಏನೆಂಬುದು 2016ರ ನವೆಂಬರಿನಲ್ಲಿ ಗೋದೌಲಿಯಾದ ಕೌಂಟರಿನಲ್ಲಿ ಕುಳಿತ ನಮಗೆ ಚೆನ್ನಾಗಿ ಗೊತ್ತು. ಸರದಿ ಚೌಕವನ್ನು ದಾಟಿ ಹೋಗಿತ್ತು. ಆದರೆ ಅಂದು ನಮ್ಮಲ್ಲಿ ಕಾಶಿಗೂ ಕಾರವಾರಕ್ಕೂ ಒಂದೇ ನೋಟು ಇತ್ತು. ಸುಡಾನಿನಲ್ಲಿ ಬದಲಾವಣೆ ನಡೆದದ್ದು ಸೇನೆಯ ವಶದ ಪ್ರಾಂತಗಳಲ್ಲಿ ಮಾತ್ರ. ಕ್ಷಿಪ್ರ ಪಡೆ ತನ್ನ ಪ್ರದೇಶದಲ್ಲಿ ಹೊಸ ನೋಟನ್ನೇ ನಿಷೇಧಿಸಿತು. ಡಾರ್ಫರಿನ ರೈತ ಜೀವಮಾನವಿಡೀ ಕೂಡಿಟ್ಟ ಹಣ ಗಡಿ ದಾಟಿದರೆ ಬರಿ ಕಾಗದ. ಹೊಸ ನೋಟು ಹಿಡಿದು ಅತ್ತ ಹೋದವನಿಗೆ ಅದೇ ಅಪರಾಧದ ಸಾಕ್ಷಿ. ಬಾವುಟ, ಸಂವಿಧಾನ, ರಾಯಭಾರಿಗಳ ಮಾತೆಲ್ಲ ಆಮೇಲಿನದು. ಒಂದು ದೇಶದ ಎರಡು ಭಾಗಗಳಲ್ಲಿ ಎರಡು ನೋಟು ಚಲಾವಣೆಯಾದ ದಿನವೇ ಅದು ಎರಡಾಯಿತೆಂದು ಬ್ಯಾಂಕಿನವನ ಬುದ್ಧಿ ಹೇಳುತ್ತದೆ. ಯುದ್ಧಕ್ಕೆ ಮುನ್ನ ಡಾಲರಿಗೆ ಆರುನೂರರ ಆಸುಪಾಸಿನಲ್ಲಿದ್ದ ಪೌಂಡು 2025ರಲ್ಲಿ ಕಾಳಸಂತೆಯಲ್ಲಿ ಮೂರು ಸಾವಿರವನ್ನು ದಾಟಿತ್ತು.

ಉಳಿದದ್ದು ಆಮೇಲೆ ಬಂತು. 2025ರ ಫೆಬ್ರವರಿಯಲ್ಲಿ ನೈರೋಬಿಯಲ್ಲಿ ಸಭೆ ಸೇರಿದ ಕ್ಷಿಪ್ರ ಪಡೆ ಮತ್ತು ಅದರ ಮಿತ್ರರು ಜುಲೈನಲ್ಲಿ ಪ್ರತ್ಯೇಕ ಸರ್ಕಾರವನ್ನು ಘೋಷಿಸಿದರು. ನ್ಯಾಲಾ ಅದರ ರಾಜಧಾನಿ, ಹೆಮೆದ್ತಿ ಅದರ ಮುಖ್ಯಸ್ಥ. ಪೋರ್ಟ್ ಸುಡಾನಿನಲ್ಲಿ ಬುರ್ಹಾನ್ ಅವರು ಕಾಮಿಲ್ ಇದ್ರಿಸ್ ಎಂಬವರನ್ನು ಪ್ರಧಾನಿಯನ್ನಾಗಿ ನೇಮಿಸಿದ್ದರು. 2025ರ ಡಿಸೆಂಬರಿನ ವೇಳೆಗೆ ಡಾರ್ಫರಿನ ಐದೂ ಪ್ರಾಂತಗಳ ರಾಜಧಾನಿಗಳು ಒಂದು ಕಡೆಯ ಕೈಯಲ್ಲಿದ್ದವು. ಉತ್ತರ, ಪೂರ್ವ ಮತ್ತು ನದಿಗಳ ನಡುನಾಡು ಇನ್ನೊಂದರ ಕೈಯಲ್ಲಿ. ನಡುವೆ ಕೊರ್ದೋಫಾನ್ ಹೊತ್ತಿ ಉರಿಯುತ್ತಿತ್ತು. ಡಿಸೆಂಬರ್ 8ರಂದು ಅಲ್ಲಿನ ಹೆಗ್ಲಿಗ್ ತೈಲಕ್ಷೇತ್ರ ಕ್ಷಿಪ್ರ ಪಡೆಯ ಪಾಲಾಯಿತು. ಆ ಪ್ರದೇಶದ ತೈಲೋದ್ಯಮದಲ್ಲಿ 2003ರಲ್ಲಿ ಕಾಲು ಭಾಗದ ಪಾಲನ್ನು ಕೊಂಡದ್ದು ನಮ್ಮ ಒ.ಎನ್.ಜಿ.ಸಿ. ವಿದೇಶ್ ಸಂಸ್ಥೆ ಎಂಬುದನ್ನು ಎಷ್ಟು ಜನ ನೆನೆದರೋ ತಿಳಿಯದು. ಕೊರ್ದೋಫಾನಿನ ಜಾಲಿಯ ಜಾತಿಯ ಮರಗಳ ಅಂಟು ಜಗತ್ತಿನ ತಂಪುಪಾನೀಯಗಳಿಗೂ ಮಿಠಾಯಿಗಳಿಗೂ ಹೋಗುತ್ತದೆ. ಉತ್ತರ ಕರ್ನಾಟಕದಲ್ಲಿ ಬಾಣಂತಿಯರಿಗೆ ಕಟ್ಟುವ ಅಂಟಿನುಂಡೆಯ ಅಂಟಿಗೆ ಅದು ಹತ್ತಿರದ ಬಂಧು. ಲೋಕದ ಅಂಟಿನಲ್ಲಿ ಬಹುಪಾಲು ಸುಡಾನಿನದೇ.

ಚಿನ್ನದ ಕಥೆ ನಮಗೆ ಇನ್ನೂ ಹತ್ತಿರ. ಯುದ್ಧದ ನಡುವೆಯೂ 2024ರಲ್ಲಿ ಸುಡಾನಿನಲ್ಲಿ ಅಧಿಕೃತವಾಗಿ ತೆಗೆದ ಚಿನ್ನ ಸುಮಾರು 64 ಟನ್. ಕಳ್ಳದಾರಿಯಲ್ಲಿ ಹೋದದ್ದು ಬೇರೆ. ಎರಡೂ ಕಡೆಯವರ ಗಣಿಗಳಿಂದ ಹೊರಟ ಚಿನ್ನದ ಬಹುಪಾಲು ಕೊನೆಗೆ ಸೇರುವುದು ದುಬೈ ಮಾರುಕಟ್ಟೆಯನ್ನೇ. ಎಮಿರೇಟ್ಸಿನ ಜೊತೆ ಸಂಬಂಧ ಕಡಿದುಕೊಂಡೆನೆಂದು ಸಾರಿದ ಸರ್ಕಾರದ ಚಿನ್ನಕ್ಕೂ ಅದೇ ಮುಖ್ಯ ಪೇಟೆಯಾಗಿತ್ತೆಂಬುದು ಈ ಯುದ್ಧದ ವಿಪರ್ಯಾಸ. ಕರಗಿಸಿದ ಚಿನ್ನಕ್ಕೆ ಹುಟ್ಟೂರಿರುವುದಿಲ್ಲ. 2022ರ ಮೇ ತಿಂಗಳಲ್ಲಿ ಜಾರಿಗೆ ಬಂದ ಒಪ್ಪಂದದಂತೆ ಎಮಿರೇಟ್ಸಿನಿಂದ ನಿಗದಿತ ಪ್ರಮಾಣದ ಚಿನ್ನವನ್ನು ನಮ್ಮ ದೇಶ ಸುಂಕದ ರಿಯಾಯಿತಿಯಲ್ಲಿ ತರಿಸಿಕೊಳ್ಳುತ್ತದೆ. ಕಾಶಿಯ ಠಠೇರಿ ಬಜಾರಿನಲ್ಲಿ, ಮುಂಬಯಿಯ ಜವೇರಿ ಬಜಾರಿನಲ್ಲಿ, ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಮಗಳ ಮದುವೆಗೆ ಸರ ಆರಿಸುವಾಗ ಹಾಲ್‌ಮಾರ್ಕ್ ನೋಡುವುದನ್ನು ನಾವು ಕಲಿತಿದ್ದೇವೆ. ಅದು ಶುದ್ಧತೆಯನ್ನು ಹೇಳುತ್ತದೆ, ಬಂದ ದಾರಿಯನ್ನು ಹೇಳುವುದಿಲ್ಲ. ನಮ್ಮ ಮನೆಯಲ್ಲೂ ದುಬೈಯಿಂದ ಬಂದ ಬಳೆಗಳಿವೆ. ಅಲ್ಲಿ ದುಡಿಯುವ ಕನ್ನಡದ ಮಕ್ಕಳನ್ನು ದೂರುವ ಮಾತು ಇದಲ್ಲ. ನಮ್ಮ ಸಂಘದಲ್ಲೇ ಹಲವು ಮನೆಗಳ ಮಕ್ಕಳು ಅಲ್ಲಿ ಪ್ರಾಮಾಣಿಕವಾಗಿ ಬದುಕು ಕಟ್ಟಿಕೊಂಡಿದ್ದಾರೆ.

ಭಾರತ ಸರ್ಕಾರದ ಮೌನಕ್ಕೂ ಇದೇ ಕಾರಣವಿರಬೇಕೆಂದು ನಮ್ಮ ಊಹೆ. ಎಮಿರೇಟ್ಸಿನಲ್ಲಿ ಮೂವತ್ತು ಲಕ್ಷಕ್ಕೂ ಮೀರಿ ಭಾರತೀಯರಿದ್ದಾರೆ. ಸೌದಿ, ಈಜಿಪ್ಟ್ ಎಲ್ಲರೂ ಮಿತ್ರರು. ಎಲ್ಲರಿಗೂ ಬೇಕಾದವರು ಯಾರ ಮುಖಕ್ಕೂ ಹೊಡೆದಂತೆ ಮಾತಾಡಲಾರರು. ಆದರೂ ಆ ದೇಶದ ಮೊದಲ ಚುನಾವಣೆ ನಡೆಸಿಕೊಟ್ಟವರು ಸಂಧಾನದ ಮೇಜಿನ ಹತ್ತಿರವೂ ಇಲ್ಲದಿರುವುದು ನಮಗೆ ಸರಿಕಾಣುವುದಿಲ್ಲ. ಮೇಜಿನಲ್ಲಿ ಕುಳಿತವರಾದರೂ ಯಾರು? 2025ರ ಸೆಪ್ಟೆಂಬರ್ 12ರಂದು ಮೂರು ತಿಂಗಳ ಮಾನವೀಯ ಕದನವಿರಾಮಕ್ಕೆ ಕರೆ ಕೊಟ್ಟ ನಾಲ್ವರು ಅಮೆರಿಕ, ಸೌದಿ ಅರೇಬಿಯಾ, ಈಜಿಪ್ಟ್ ಮತ್ತು ಎಮಿರೇಟ್ಸ್. ಹೊರಗಿನ ಬೆಂಬಲ ನಿಲ್ಲಬೇಕೆಂದು ಆ ಹೇಳಿಕೆಯಲ್ಲೇ ಬರೆದಿತ್ತು. ಬರೆದವರಲ್ಲಿ ಇಬ್ಬರು ಒಂದೊಂದು ಕಡೆಗೆ ಆತುಕೊಂಡವರೆಂದು ಲೋಕವೇ ಆಡಿಕೊಳ್ಳುತ್ತಿದ್ದಾಗ, ಎಲ್ ಫಾಶರನ್ನು ಮುಗಿಸಿದ ಮೇಲೆ ಕ್ಷಿಪ್ರ ಪಡೆ ಅದಕ್ಕೆ ಒಪ್ಪಿಗೆ ಕೊಟ್ಟಿತು. ಎಮಿರೇಟ್ಸ್ ಕುಳಿತ ಪಂಚಾಯಿತಿ ತನಗೆ ಬೇಡವೆಂದು ಬುರ್ಹಾನ್ ತಿರಸ್ಕರಿಸಿದರು. ಒಂದು ಕೋಟಿ ಇಪ್ಪತ್ತು ಲಕ್ಷದಷ್ಟು ಜನ ಮನೆ ಬಿಟ್ಟು ಹೋಗಿದ್ದ ಯುದ್ಧದ ಸಂಧಾನ ಹೀಗೆ ನಡೆಯಿತು.

ಕಾನೂನು ಪೂರ್ತಿ ಮಲಗಿಲ್ಲ, ಆದರೆ ಅದರ ನಡಿಗೆ ನಿಧಾನ. ಜಂಜಾವೀದ್ ಮುಖಂಡ ಅಲಿ ಕುಶೈಬ್ ತಪ್ಪಿತಸ್ಥನೆಂದು ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2025ರ ಅಕ್ಟೋಬರ್ 6ರಂದು ತೀರ್ಪಿತ್ತು, ಡಿಸೆಂಬರಿನಲ್ಲಿ ಇಪ್ಪತ್ತು ವರ್ಷಗಳ ಶಿಕ್ಷೆ ವಿಧಿಸಿತು. ಆ ಅಪರಾಧಗಳು ನಡೆದದ್ದು 2003 ಮತ್ತು 2004ರಲ್ಲಿ. ತೀರ್ಪು ಬಂದ ಇಪ್ಪತ್ತು ದಿನಗಳಿಗೆ ಎಲ್ ಫಾಶರ್ ಬಿತ್ತು.

ನಮ್ಮ ವಿದ್ಯಾರ್ಥಿ ಓದು ಮುಗಿಸಿದ. ಶುಲ್ಕವನ್ನು ಹೇಗೆ ಹೊಂದಿಸಿದನೆಂದರೆ, ಜೊತೆಯ ಹುಡುಗರು ಕೂಡಿಸಿ ಕೊಟ್ಟರು; ಬಂಕಕ್ ಮೂಲಕ ಕೈರೋದಲ್ಲಿದ್ದ ಅಣ್ಣನಿಗೆ ಬಂದ ಅಷ್ಟಿಷ್ಟು ಇಲ್ಲಿಗೆ ಮುಟ್ಟಿತು. ತಂದೆತಾಯಿ ಬದುಕಿದ್ದಾರೆ, ಈಜಿಪ್ಟಿನ ಗಡಿ ದಾಟಿದ್ದಾರೆ. 2025ರಲ್ಲಿ ವಾದ್ ಮದನಿ ಸೇನೆಯ ಕೈಗೆ ಮರಳಿದಾಗ ಅವನ ಮುಖದಲ್ಲಿ ಅರಳಿದ ನಗುವನ್ನು ನಾವು ಕಂಡಿದ್ದೇವೆ. ಮನೆಯ ಬಾಗಿಲು ಕಿಟಕಿಗಳನ್ನೂ ಗೋಡೆಯೊಳಗಿನ ವಿದ್ಯುತ್ ತಂತಿಯನ್ನೂ ಕಿತ್ತೊಯ್ದಿದ್ದಾರೆಂದು ಅವನೇ ಆಮೇಲೆ ಹೇಳಿದ. ಖಾತೆ ಮುಚ್ಚಲು ಬಂದ ದಿನ ಪರ್ಸಿನಿಂದ ಐನೂರು ಪೌಂಡಿನ ಹಳೆಯ ನೋಟೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಕಾಶಿಗೆ ಹೊರಟಾಗ ತಾಯಿ ದಾರಿ ಖರ್ಚಿಗೆಂದು ಕೊಟ್ಟದ್ದಂತೆ. "ಇದನ್ನು ಬದಲಾಯಿಸಿಕೊಡಲು ಆಗುತ್ತದೆಯೇ ಸಾರ್?" ಎಂದು ನಗುತ್ತ ಕೇಳಿದ, ಆಗದೆಂಬುದು ಅವನಿಗೆ ಗೊತ್ತಿತ್ತು. ಗೋದೌಲಿಯಾದ ಯಾವ ಹಣ ಬದಲಾಯಿಸುವ ಅಂಗಡಿಯವನೂ ಅದನ್ನು ಮುಟ್ಟುವುದಿಲ್ಲ. ಪೋರ್ಟ್ ಸುಡಾನಿನಲ್ಲೂ ಅದು ನಡೆಯದು. ನ್ಯಾಲಾದ ಸಂತೆಯಲ್ಲಿ ಮಾತ್ರ ಅದಕ್ಕೆ ಬೆಲೆ ಉಳಿದಿತ್ತು, ಅಲ್ಲಿಗೆ ಅವನು ಹೋಗುವಂತಿರಲಿಲ್ಲ. ಅದನ್ನು ನಮ್ಮಲ್ಲೇ ಬಿಟ್ಟು ಹೋದ. ಡ್ರಾಯರಿನಲ್ಲಿ, 2016ರಲ್ಲಿ ನೆನಪಿಗೆಂದು ಉಳಿಸಿಕೊಂಡ ನಮ್ಮದೇ ಹಳೆಯ ಐನೂರರ ನೋಟಿನ ಪಕ್ಕದಲ್ಲಿ ಅದು ಇದೆ.